ಅಣ್ಣನಿಗೆ ಗೇರುಬೀಜ ಅಲರ್ಜಿ, ಎಂಟು ತಿಂಗಳ ತಂಗಿಗೆ ಮೊಟ್ಟೆ, ನೆಲಗಡಲೆ ಕೊಡಬಹುದಾ?

ಸುರತ್ಕಲ್ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ದೊಡ್ಡ ಮಗನಿಗೆ ಐದು ವರ್ಷ. ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಾಯಸ ತಿಂದ ಸ್ವಲ್ಪ ಹೊತ್ತಿಗೇ ತುಟಿ ಊದಿತು, ಮೈಯೆಲ್ಲ ಪಿತ್ತದ ಗಂದೆ ಎದ್ದಿತು. ಆಮೇಲೆ ವಾಂತಿ, ಬಿಡದೆ ಕೆಮ್ಮು. ಅಲ್ಲಿದ್ದ ಹಿರಿಯರು ಪುನರ್ಪುಳಿ ನೀರು ಕುಡಿಸಿ, ಮೈಗೂ ಹಚ್ಚಿ ಅಂದರು. ನಮ್ಮವರು ಕಾಯದೆ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋದರು, ಇಂಜೆಕ್ಷನ್ ಕೊಟ್ಟ ಮೇಲೆ ಸರಿಯಾಯಿತು. ಪಾಯಸದ ಗೇರುಬೀಜವೇ ಕಾರಣ ಅಂತ ಗೊತ್ತಾಯಿತು.

ಅದಾದ ಮೇಲೆ ಒಂದು ಲ್ಯಾಬಿನಲ್ಲಿ ದೊಡ್ಡ ಅಲರ್ಜಿ ಪ್ಯಾನೆಲ್ ರಕ್ತ ಪರೀಕ್ಷೆ ಮಾಡಿಸಿದೆವು. ರಿಪೋರ್ಟಿನಲ್ಲಿ ಗೇರುಬೀಜ, ಪಿಸ್ತಾ, ಸಿಗಡಿ, ಏಡಿ, ಬದನೆ, ಗೋಧಿ, ನೆಲಗಡಲೆ, ಧೂಳಿನ ಹುಳ ಎಲ್ಲದಕ್ಕೂ ಪಾಸಿಟಿವ್. ಗೇರುಬೀಜ, ಪಿಸ್ತಾ ಬಿಟ್ಟರೆ ಉಳಿದದ್ದನ್ನು ಅವನು ಮೊದಲು ಆರಾಮಾಗಿ ತಿನ್ನುತ್ತಿದ್ದ. ಸಿಗಡಿ ಸುಕ್ಕ ಅಂದರೆ ಪ್ರಾಣ. ಈಗ ಎಲ್ಲ ನಿಲ್ಲಿಸಿದ್ದೇವೆ. ಗಂಜಿ, ಮಜ್ಜಿಗೆ, ಬಾಳೆಹಣ್ಣು, ಇಷ್ಟೇ. ಮಗು ಸಣಕಲಾಗಿದ್ದಾನೆ, ತೂಕ ಏರ್ತಾ ಇಲ್ಲ, ಹುಟ್ಟುಹಬ್ಬಕ್ಕೆ ಕರೆದರೆ ಕಳಿಸಲು ಭಯ.

ಈಗ ಎರಡನೆಯವಳಿಗೆ ಎಂಟು ತಿಂಗಳು. ಕೆನ್ನೆಯ ಮೇಲೆ, ಮೊಣಕೈ ಮಡಿಕೆಯಲ್ಲಿ ಇಸುಬು ಉಂಟು, ರಾತ್ರಿ ತುರಿಸಿಕೊಂಡು ಎದ್ದು ಅಳ್ತಾಳೆ. ರಾಗಿ ಮಣ್ಣಿ, ಅನ್ನ ಕೊಡ್ತಾ ಇದ್ದೇವೆ. ಅತ್ತೆ ಹೇಳ್ತಾರೆ, ಮೊಟ್ಟೆ, ಮೀನು, ಕಡಲೆ ಎಲ್ಲ ನಂಜು, ಎರಡು ವರ್ಷ ಆಗುವ ತನಕ ಬೇಡವೇ ಬೇಡ. ಅಮೆರಿಕದಲ್ಲಿರುವ ಮೈದುನ ಹೇಳ್ತಾನೆ, ಈಗ ಅಲ್ಲಿ ಡಾಕ್ಟರೇ ಬೇಗ ಕೊಡಿ ಅಂತಾರೆ, ಹೊಸ ಇಂಜೆಕ್ಷನ್ ಬಂದಿದೆ, ಮೂಗಿಗೆ ಹೊಡೆಯುವ ಸ್ಪ್ರೇ ಕೂಡ ಬಂದಿದೆ ಅಂತ. ಯಾರ ಮಾತು ಕೇಳಬೇಕು?

ಇನ್ನೊಂದು. ದೊಡ್ಡವನಿಗೆ ಎಲ್‌ಕೆಜಿಗೆ ಸೇರಿದ ಮೇಲೆ ತಿಂಗಳು ತಿಂಗಳು ಶೀತ, ಜ್ವರ. ಇವನಿಗೆ ಇಮ್ಯುನಿಟಿಯೇ ಕಮ್ಮಿಯಾ? ಅದಕ್ಕೇ ಅಲರ್ಜಿಯಾ?

ಮಣಿಪಾಲದ ನರ್ಸಕ್ಕ

ತಂಗೀ, ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಒಂದು ಹೇಳಿ, ಮನೆಯಲ್ಲಿ ಅಡ್ರಿನಾಲಿನ್ ಉಂಟಾ?

ತುಟಿ ಊದಿ, ದದ್ದು ಎದ್ದು, ಜೊತೆಗೆ ವಾಂತಿ, ಕೆಮ್ಮು ಬಂದರೆ ಅದು ಬರೀ ಪಿತ್ತ ಅಲ್ಲ. ಅನಾಫಿಲಾಕ್ಸಿಸ್ ಅಂತಾರೆ. ಚರ್ಮ, ಹೊಟ್ಟೆ, ಉಸಿರು, ರಕ್ತದೊತ್ತಡ, ಇವುಗಳಲ್ಲಿ ಎರಡು ಒಟ್ಟಿಗೆ ಕೆಟ್ಟರೆ ಹಾಗೇ ತಿಳಿಯಬೇಕು. ಅದಕ್ಕೆ ಮೊದಲ ಮದ್ದು ಅಡ್ರಿನಾಲಿನ್ ಒಂದೇ. ನಮ್ಮಲ್ಲಿ ಹೆಚ್ಚಿನ ಮನೆಯವರು ಸೆಟ್ರಿಜಿನ್ ಸಿರಪ್ ಕೊಟ್ಟು ಕಾಯ್ತಾರೆ. ಸೆಟ್ರಿಜಿನ್ ತುರಿಕೆ ಇಳಿಸ್ತದೆ, ಊದಿದ ಗಂಟಲನ್ನು ತೆರೆಯುವುದಿಲ್ಲ, ಬಿದ್ದ ಬಿಪಿಯನ್ನು ಎತ್ತುವುದಿಲ್ಲ. ಪುನರ್ಪುಳಿ ಒಳ್ಳೆಯ ಶರಬತ್ತು, ಬೇಸಿಗೆಗೆ ಕುಡಿಯಿರಿ, ಆ ಹೊತ್ತಿನಲ್ಲಿ ಅದಕ್ಕೆ ಸಮಯ ಕಳೆಯಬೇಡಿ. ನಿಮ್ಮವರು ಕಾಯದೆ ಹೊರಟದ್ದೇ ಮಗುವನ್ನು ಉಳಿಸಿದ್ದು ಅಂತ ನಾನು ಹೇಳ್ತೇನೆ.

ವಿದೇಶದಲ್ಲಿ ಸಿಗುವ ಪೆನ್ ಇಂಜೆಕ್ಷನ್ ನಮ್ಮ ಊರಿನ ಮೆಡಿಕಲ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಡಾಕ್ಟರು ಆಂಪ್ಯೂಲು (ಮದ್ದು ತುಂಬಿದ ಸಣ್ಣ ಗಾಜಿನ ಶೀಶೆ), ಒಂದು ಮಿಲಿಯ ಸಣ್ಣ ಸಿರಿಂಜು ಬರೆದುಕೊಟ್ಟು ಹೇಗೆ ಎಳೆಯಬೇಕು, ಎಲ್ಲಿ ಚುಚ್ಚಬೇಕು ಅಂತ ಮನೆಯವರಿಗೆ ಕಲಿಸ್ತಾರೆ. ಕೇಳಿದರೆ ಮಾತ್ರ ಕಲಿಸುವವರೂ ಇದ್ದಾರೆ, ಹಾಗಾಗಿ ನೀವು ಬಾಯಿಬಿಟ್ಟು ಕೇಳಿ. ಲೆಕ್ಕ ಹೀಗೆ: ಮಗುವಿನ ತೂಕದ ಒಂದೊಂದು ಕಿಲೋಗೆ 0.01 ಮಿಲಿಗ್ರಾಂ. ಒಂದು ಮಿಲಿಯಲ್ಲಿ ಒಂದು ಮಿಲಿಗ್ರಾಂ ಇರುವ ಆಂಪ್ಯೂಲಾದರೆ 18 ಕಿಲೋ ಮಗುವಿಗೆ 0.18 ಮಿಲಿ. ಆದರೆ ನಿಮ್ಮ ಮಗನ ತೂಕ ನೋಡಿ ಡಾಕ್ಟರೇ ಬರೆದು ಕೊಡಬೇಕು, ನನ್ನ ಮಾತು ಓದಿ ನೀವೇ ಅಳತೆ ಮಾಡಬೇಡಿ. ಚುಚ್ಚುವ ಜಾಗ ತೊಡೆಯ ಹೊರಮಗ್ಗುಲು, ನಡು ಭಾಗ, ಸ್ನಾಯುವಿಗೆ. ಕೈಗೆ ಬೇಡ, ಕುಂಡೆಗೆ ಬೇಡ. ಚುಚ್ಚಿ 108ಕ್ಕೆ ಫೋನ್ ಮಾಡಿ, ಇಲ್ಲ ಹತ್ತಿರದ ಕಾರಿನಲ್ಲಿ ಹೊರಡಿ. ಮಗುವನ್ನು ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕೆ ಇಡಿ, ಉಸಿರು ಕಷ್ಟವಾದರೆ ಕೂರಿಸಿ. ಎದ್ದು ನಡೆಸಬೇಡಿ, ಬಿಪಿ ಇಳಿದಿರುವಾಗ ಒಮ್ಮೆಗೇ ಎದ್ದು ನಿಂತರೆ ಅಪಾಯ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು ಬೇಕಾಗಬಹುದು, ಅದಕ್ಕೇ ಯಾವಾಗಲೂ ಎರಡು ಇಟ್ಟುಕೊಳ್ಳುವುದು. ಸರಿಯಾಯಿತು ಅಂತ ಅರ್ಧ ದಾರಿಯಲ್ಲಿ ಮನೆಗೆ ತಿರುಗಬೇಡಿ. ಕೆಲವು ಮಕ್ಕಳಿಗೆ ಕೆಲವು ಗಂಟೆ ಕಳೆದು ಮತ್ತೆ ಬರ್ತದೆ, ಆಸ್ಪತ್ರೆಯಲ್ಲಿ ಅಷ್ಟು ಹೊತ್ತು ನಿಗಾದಲ್ಲಿ ಇರಬೇಕು.

ಮಗನಿಗೆ ಉಬ್ಬಸ ಇದ್ದರೆ ಅದನ್ನೂ ಹತೋಟಿಯಲ್ಲಿ ಇಡಿ. ಉಬ್ಬಸ ಇದ್ದ ಮಗುವಿಗೆ ಇಂಥ ರಿಯಾಕ್ಷನ್ ಬಂದರೆ ಕಷ್ಟ ಜಾಸ್ತಿ.

ಮಲ್ಪೆ ಮನೆಯವ

ನರ್ಸಕ್ಕ ಹೇಳಿದ್ದರ ಮೇಲೆ ನನ್ನದೇನೂ ಇಲ್ಲ. ಗೇರುಬೀಜ, ಪಿಸ್ತಾ ಎರಡೂ ಒಂದೇ ಕುಟುಂಬದ ಮರದ್ದು, ಒಂದಕ್ಕೆ ಅಲರ್ಜಿ ಇದ್ದವರಲ್ಲಿ ಹೆಚ್ಚಿನವರಿಗೆ ಇನ್ನೊಂದಕ್ಕೂ ಇರ್ತದೆ, ಅವೆರಡನ್ನು ಬಿಡಿಸಿದ್ದು ಸರಿ. ನಾನು ಬರೆಯಲು ಬಂದದ್ದು ಸಿಗಡಿ ವಿಷಯ.

ನಮ್ಮ ಅಣ್ಣನ ಮಗಳಿಗೂ ಇಂಥದ್ದೇ ಒಂದು ಉದ್ದ ರಿಪೋರ್ಟ್ ಬಂದಿತ್ತು, ಸಿಗಡಿಗೆ ಕೆಂಪು ಗೆರೆ. ಮೀನಿನ ವ್ಯಾಪಾರದ ಮನೆಯಲ್ಲಿ ಆ ಹುಡುಗಿಗೆ ಮಾತ್ರ ಬೇರೆ ಒಲೆ, ಬೇರೆ ಪಾತ್ರೆ. ಕೊನೆಗೆ ಒಬ್ಬ ಅಲರ್ಜಿ ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, ತಿಂದಾಗ ಏನಾಯಿತು ಅಂತ. ಏನೂ ಆಗಿರಲಿಲ್ಲ! ಅವರು ಹೇಳಿದ ಕಾರಣ ಇದು. ಸಿಗಡಿಯ ಮಾಂಸದಲ್ಲಿ ಟ್ರೋಪೊಮಯೋಸಿನ್ ಅಂತ ಒಂದು ಪ್ರೋಟೀನ್ ಉಂಟು. ಹೆಚ್ಚು ಕಮ್ಮಿ ಅದೇ ಪ್ರೋಟೀನ್ ಧೂಳಿನ ಹುಳದಲ್ಲೂ ಉಂಟು, ಜಿರಳೆಯಲ್ಲೂ ಉಂಟು. ಕರಾವಳಿಯ ತೇವಕ್ಕೆ ಹಾಸಿಗೆ, ದಿಂಬು, ಸೋಫಾದಲ್ಲಿ ಧೂಳಿನ ಹುಳ ಬೆಳೆಯದೇ ಇರುವ ಮನೆ ಎಲ್ಲಿ? ಮಗುವಿನ ದೇಹ ಹುಳದ ವಿರುದ್ಧ ಕಟ್ಟಿದ ಐಜಿಇ, ಅಂದರೆ ಅಲರ್ಜಿ ತರುವ ಪ್ರತಿಕಾಯ, ಪರೀಕ್ಷೆಯಲ್ಲಿ ಸಿಗಡಿಗೂ ಅಂಟಿಕೊಳ್ತದೆ. ಪಾಸಿಟಿವ್ ಬರ್ತದೆ, ತಿಂದರೆ ಏನೂ ಆಗದೆ ಇರಬಹುದು. ಸಿಗಡಿಗೇ ನಿಜವಾದ ಅಲರ್ಜಿ ಇರುವವರೂ ಬೇಕಾದಷ್ಟು ಜನ ಇದ್ದಾರೆ, ಅದು ಬೇರೆ. ಅವರು ಯಾರು ಅಂತ ಹೇಳುವುದು ತಿಂದಾಗ ಆದ ಕಥೆ, ಕಾಗದ ಅಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ಲೆಕ್ಕ ಉಂಟು. ಬೆಂಗಳೂರು, ಮೈಸೂರು ಕಡೆಯ ದೊಡ್ಡವರ ಮೇಲೆ ಮಾಡಿದ ಅಧ್ಯಯನ 2016ರಲ್ಲಿ ಬಂತು. ಪರೀಕ್ಷೆಯಲ್ಲಿ ಯಾವುದಾದರೂ ಒಂದು ಆಹಾರಕ್ಕೆ ಪಾಸಿಟಿವ್ ಆದವರು ಶೇ. 26.5. ಅಲರ್ಜಿ ಇರಬಹುದು ಅಂತ ಲೆಕ್ಕಕ್ಕೆ ಸಿಕ್ಕಿದವರು ಶೇ. 1.2 ಮಾತ್ರ. ಈ ಎರಡು ಅಂಕಿ ನೋಡಿದ ಮೇಲೆ ನನಗೆ ಇಂಥ ಪ್ಯಾನೆಲ್‌ಗಳನ್ನು ಕಣ್ಣು ಮುಚ್ಚಿ ಮಾಡಿಸುವವರ ಮೇಲೆ ನಿಜಕ್ಕೂ ಸಿಟ್ಟು ಬರ್ತದೆ. ಬೆಳೆಯುವ ಮಗುವಿನ ತಟ್ಟೆಯಿಂದ ಮೀನು, ಗೋಧಿ, ಕಡಲೆ ಎಲ್ಲ ಎಳೆದು ತೆಗೆದರೆ ಅದಕ್ಕೆ ಉಳಿಯುವುದೇನು?

ಇನ್ನು ಬದನೆ. ಮಟ್ಟುಗುಳ್ಳ ತಿಂದು ಬಾಯಿ ತುರಿಸಿತು ಅನ್ನುವವರು ನಮ್ಮ ಊರಲ್ಲಿ ಎಷ್ಟೋ ಜನ. ಅಲರ್ಜಿಯಲ್ಲಿ ತುರಿಕೆ ತರುವ ರಾಸಾಯನಿಕಕ್ಕೆ ಹಿಸ್ಟಮಿನ್ ಅಂತಾರೆ, ಬದನೆಯಲ್ಲಿ ಆ ಥರದ ಅಂಶ ತಾನಾಗಿಯೇ ಇರ್ತದೆ, ಎಲ್ಲ ತುರಿಕೆಯೂ ಅಲರ್ಜಿ ಅಲ್ಲ. ಬಂಗುಡೆ ವಿಷಯವೂ ಹಾಗೇ. ಐಸ್ ಹಾಕದೆ ಬಿಸಿಲಲ್ಲಿ ಬಿಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಆಗ್ತದೆ, ಬೇಯಿಸಿದರೂ ಹೋಗುವುದಿಲ್ಲ. ಅದನ್ನು ತಿಂದವರ ಮುಖ ಕೆಂಪಾಗ್ತದೆ, ಮೈ ಉರಿ, ತಲೆನೋವು. ಮನೆಯಲ್ಲಿ ತಿಂದ ನಾಲ್ಕೈದು ಜನಕ್ಕೂ ಒಟ್ಟಿಗೇ ಆಯಿತು ಅಂದರೆ ಮೀನು ಹಳತು ಅಂತ ಅನುಮಾನಪಡಬೇಕು, ಮಗುವಿಗೆ ಮೀನಿನ ಅಲರ್ಜಿ ಅಂತ ಹಣೆಪಟ್ಟಿ ಕಟ್ಟಬಾರದು.

ಬೆಳ್ತಂಗಡಿ ಭಟ್ರು

ಎಲ್ಲ ಓದಿದೆ, ತುಂಬ ಉಪಯೋಗದ ಮಾತು. ನನ್ನದೊಂದು ಪ್ರಶ್ನೆ, ಯಾರೂ ಬೇಸರ ಮಾಡಬೇಡಿ. ನಮ್ಮ ಕಾಲದಲ್ಲಿ ಈ ಅಲರ್ಜಿ ಇಷ್ಟು ಕೇಳಿರಲಿಲ್ಲ. ಮಕ್ಕಳಿಗೆ ಶಕ್ತಿ ಕಮ್ಮಿಯಾಗಿದೆ ಅಂತ ನನ್ನ ಅನಿಸಿಕೆ. ಅಮೃತಬಳ್ಳಿ ಕಷಾಯ, ಇಮ್ಯುನಿಟಿ ಹೆಚ್ಚಿಸುವ ಪುಡಿ ಕೊಟ್ಟರೆ ಬೇರಿನಿಂದ ಸರಿ ಹೋಗದಾ? ನಮ್ಮ ಮೊಮ್ಮಗನಿಗೂ ಧೂಳು ಆಗುವುದಿಲ್ಲ, ಅದಕ್ಕೇ ಕೇಳಿದೆ.

ಮಕ್ಕಳ ವಿಭಾಗದ ಪಿಜಿ, ಮಂಗಳೂರು

ಭಟ್ರೇ, ನೀವು ಕೇಳಿದ್ದು ಒಳ್ಳೆಯದಾಯಿತು, ಓಪಿಡಿಯಲ್ಲಿ ದಿನಾ ಕೇಳುವ ಪ್ರಶ್ನೆ ಇದು. ಸುರತ್ಕಲ್ ಅಕ್ಕ ಕೇಳಿದ್ದೂ ಇದನ್ನೇ.

ಅಲರ್ಜಿ ಅಂದರೆ ಇಮ್ಯುನಿಟಿ ಕಮ್ಮಿ ಅಂತ ಅಲ್ಲ. ಹೆದರಬೇಕಿಲ್ಲದ ಗೇರುಬೀಜದ ಮೇಲೆ ಅದು ಯುದ್ಧಕ್ಕೆ ನಿಂತಿದೆ. ಶಕ್ತಿ ಇದೆ, ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ. ಈ ಬ್ರೇಕ್ ಬಗ್ಗೆಯೇ 2025ರ ವೈದ್ಯಕೀಯ ನೊಬೆಲ್ ಬಂದದ್ದು. ಜಪಾನಿನ ಶಿಮೋನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಮೂವರಿಗೆ ಹಂಚಿ ಕೊಟ್ಟರು. ಬಿಳಿ ರಕ್ತಕಣಗಳಲ್ಲೇ ಒಂದು ಗುಂಪು, ಟಿ-ರೆಗ್ ಅಂತಾರೆ, ಉಳಿದ ಕಣಗಳನ್ನು ಸುಮ್ಮನಿರಿಸುವುದು ಅದರ ಕೆಲಸ. ಸಕಾಗುಚಿ 1995ರಲ್ಲಿ ಅದನ್ನು ತೋರಿಸಿದರು. ಮಿಕ್ಕ ಇಬ್ಬರು 2001ರಲ್ಲಿ ಫಾಕ್ಸ್‌ಪಿ3 ಅನ್ನುವ ಜೀನ್ ಕಂಡುಹಿಡಿದರು. ಆ ಜೀನ್ ಕೆಟ್ಟು ಹುಟ್ಟಿದ ಗಂಡು ಮಕ್ಕಳಿಗೆ ಐಪೆಕ್ಸ್ ಅನ್ನುವ ಅಪರೂಪದ ಕಾಯಿಲೆ ಬರ್ತದೆ. ಹಸುಳೆ ಇರುವಾಗಲೇ ನಿಲ್ಲದ ಭೇದಿ, ಸಕ್ಕರೆ ಕಾಯಿಲೆ, ಮೈತುಂಬ ಇಸುಬು, ಎಷ್ಟೋ ಮಕ್ಕಳಿಗೆ ಆಹಾರದ ಅಲರ್ಜಿ ಕೂಡ. ಬ್ರೇಕ್ ಪೂರ್ತಿ ಹೋದರೆ ಎಲ್ಲಿಗೆ ಮುಟ್ಟುತ್ತದೆ ಅಂತ ಆ ಮಕ್ಕಳಿಂದಲೇ ವೈದ್ಯಲೋಕಕ್ಕೆ ತಿಳಿದದ್ದು. ಅಂಥ ಮಗುವಿಗೆ ಇಮ್ಯುನಿಟಿ ಹೆಚ್ಚಿಸುವುದು ಅಂದರೆ ಏನರ್ಥ, ನೀವೇ ಹೇಳಿ.

ಹಾಗಾಗಿ ಪುಡಿ, ಕಷಾಯದಿಂದ ಅಲರ್ಜಿ ಬೇರಿನಿಂದ ಹೋಗುವುದಿಲ್ಲ. ಅಮೃತಬಳ್ಳಿಯ ಬಗ್ಗೆ ಇನ್ನೊಂದು ಮಾತು. ಕೋವಿಡ್ ಹೊತ್ತಿನಲ್ಲಿ ಅದನ್ನು ಸೇವಿಸಿದ ಕೆಲವರಿಗೆ ಲಿವರ್ ಪೆಟ್ಟಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಸಣ್ಣ ಮಕ್ಕಳಿಗೆ ಡಾಕ್ಟರಿಗೆ ಹೇಳದೆ ದಿನಾ ಕೊಡುವುದು ಬೇಡ.

ಅಕ್ಕಾ, ಎಲ್‌ಕೆಜಿ ಸೇರಿದ ಮಗುವಿಗೆ ಪದೇ ಪದೇ ಶೀತ ಬರುವುದು ಸಾಮಾನ್ಯ, ಮಧ್ಯೆ ಮಧ್ಯೆ ಪೂರ್ತಿ ಚೆನ್ನಾಗಿರ್ತಾನೆ ಅಂದರೆ ಚಿಂತೆ ಬೇಡ. ಹುಟ್ಟಿನಿಂದ ಬರುವ ಇಮ್ಯುನಿಟಿ ಕಾಯಿಲೆಗಳೇ ಬೇರೆ, ಈಗ ಐನೂರಕ್ಕೂ ಹೆಚ್ಚು ಗುರುತಿಸಿದ್ದಾರೆ. ವರ್ಷಕ್ಕೆ ಎರಡು ಸಲ ನ್ಯುಮೋನಿಯಾ, ಗುಣವಾಗದ ಕೀವು, ಒಂದು ವರ್ಷ ಕಳೆದರೂ ಬಾಯಲ್ಲಿ ಹೋಗದ ಬಿಳಿ ಹುಣ್ಣು, ಸೋಂಕಿಗೆ ಮತ್ತೆ ಮತ್ತೆ ಡ್ರಿಪ್ ಮೂಲಕ ಆಂಟಿಬಯೋಟಿಕ್, ಮನೆತನದಲ್ಲಿ ಹಸುಳೆಗಳು ಸೋಂಕಿನಿಂದ ತೀರಿಕೊಂಡಿರುವುದು, ಇಂಥದ್ದು ಇದ್ದರೆ ಮಾತ್ರ ಆ ಪರೀಕ್ಷೆ. ಇಸುಬಿನ ಜೊತೆ ಮೈಮೇಲೆ ರಕ್ತದ ಚುಕ್ಕೆ, ಪದೇ ಪದೇ ಕಿವಿ ಸೋರುವುದು ಇರುವ ಗಂಡು ಮಗುವಾದರೆ ವಿಸ್ಕಾಟ್ ಆಲ್ಡ್ರಿಚ್ ಅಂತ ಒಂದು ಕಾಯಿಲೆ ನೆನಪಿಗೆ ಬರಬೇಕು. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಇಂಥ ಕೆಲವಕ್ಕೆ ಅಸ್ಥಿಮಜ್ಜೆ ಕಸಿಗೆ ಹಣದ ಸಹಾಯವೂ ಉಂಟು. ನಿಮ್ಮ ಮಕ್ಕಳ ಬಗ್ಗೆ ನೀವು ಬರೆದದ್ದರಲ್ಲಿ ಇಂಥ ಲಕ್ಷಣ ಒಂದೂ ಇಲ್ಲ. ತೂಕ ಏರದಿರುವುದು ಮಾತ್ರ ಹಗುರವಾಗಿ ಬಿಡುವಂಥದ್ದಲ್ಲ, ಆದರೆ ಅವನ ಊಟದಿಂದ ಏನೇನು ಹೋಗಿದೆ ಅಂತ ನೋಡಿದರೆ ಮೊದಲ ಅನುಮಾನ ಊಟದ ಮೇಲೆಯೇ.

ಕಾಪು ಅಪ್ಪ

ಚಿಕ್ಕವಳ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೇನೆ. ನಮ್ಮ ಮಗನಿಗೂ ಹಸುಳೆಯಲ್ಲಿ ಇಸುಬು ಜೋರಿತ್ತು, ಆಗ ಇದನ್ನೆಲ್ಲ ಹುಡುಕಿ ಓದಿ, ಡಾಕ್ಟರ ಹತ್ತಿರ ಕೇಳಿಯೇ ಮಾಡಿದ್ದು.

ನಿಮ್ಮ ಅತ್ತೆ ಹೇಳುವುದನ್ನೇ ಒಂದು ಕಾಲದಲ್ಲಿ ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘವೂ ಹೇಳಿತ್ತು ಮಾರಾಯ್ರೆ. ಅಲರ್ಜಿ ಸಾಧ್ಯತೆ ಇರುವ ಮಕ್ಕಳಿಗೆ ಮೊಟ್ಟೆ ಎರಡು ವರ್ಷದ ತನಕ, ನೆಲಗಡಲೆ ಮೂರು ವರ್ಷದ ತನಕ ಬೇಡ ಅಂತ 2000ದಲ್ಲಿ ಸಲಹೆ ಕೊಟ್ಟರು. ಅಲರ್ಜಿ ಕಮ್ಮಿಯಾಗಲಿಲ್ಲ. 2008ರಲ್ಲಿ ಆ ಸಲಹೆ ಕೈಬಿಟ್ಟರು. ಅದೇ ವರ್ಷ ಲಂಡನ್ನಿನ ಗಿಡಿಯನ್ ಲ್ಯಾಕ್ ಅನ್ನುವ ಡಾಕ್ಟರ ತಂಡ ಒಂದು ವಿಚಿತ್ರ ತೋರಿಸಿತು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ನೆಲಗಡಲೆ ಅಲರ್ಜಿ ಶೇ. 1.85, ಇಸ್ರೇಲಿನ ಯಹೂದಿ ಮಕ್ಕಳಲ್ಲಿ ಶೇ. 0.17. ಇಸ್ರೇಲಿನಲ್ಲಿ ಹಲ್ಲು ಬರುವ ಮೊದಲೇ ಬಾಂಬಾ ಅನ್ನುವ ನೆಲಗಡಲೆ ಕುರುಕಲು ಮಕ್ಕಳ ಬಾಯಿಗೆ ಹೋಗ್ತದೆ. ಬ್ರಿಟನ್ನಿನಲ್ಲಿ ವರ್ಷ ಕಳೆದರೂ ಇಲ್ಲ.

ಆಮೇಲೆ ಅವರೇ ಲೀಪ್ ಅನ್ನುವ ಪ್ರಯೋಗ ಮಾಡಿದರು. ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಹಸುಳೆಗಳು, ವಯಸ್ಸು 4ರಿಂದ 11 ತಿಂಗಳು. ಅರ್ಧ ಮಕ್ಕಳಿಗೆ ನೆಲಗಡಲೆ ತಿನ್ನಿಸುತ್ತಾ ಬಂದರು, ಅರ್ಧ ಮಕ್ಕಳಿಗೆ ಐದು ವರ್ಷದ ತನಕ ಪೂರ್ತಿ ಬಿಡಿಸಿದರು. ಫಲಿತಾಂಶ 2015ರಲ್ಲಿ ಬಂತು. ಶುರುವಿಗೆ ಚರ್ಮದ ಪರೀಕ್ಷೆ ನೆಗೆಟಿವ್ ಇದ್ದ ಮಕ್ಕಳನ್ನೇ ತೆಗೆದುಕೊಂಡರೆ, ಬಿಡಿಸಿದವರಲ್ಲಿ ಶೇ. 13.7 ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ ಶೇ. 1.9 ಮಾತ್ರ. ಕಾಪಾಡುತ್ತೇವೆ ಅಂತ ಬಿಡಿಸಿದ್ದೇ ಮುಳುವಾಯಿತು! ಆ ಮಕ್ಕಳು ಹದಿಹರೆಯಕ್ಕೆ ಬಂದ ಮೇಲೆ 2024ರಲ್ಲಿ ಮತ್ತೆ ನೋಡಿದಾಗಲೂ ವ್ಯತ್ಯಾಸ ಉಳಿದಿತ್ತು, ಮಧ್ಯದಲ್ಲಿ ತಿನ್ನುವುದು ಬಿಟ್ಟಿದ್ದವರೂ ಅದರಲ್ಲಿ ಸೇರಿದ್ದರು. ಅಮೆರಿಕದಲ್ಲಿ 2017ರಿಂದ ಬೇಗ ಕೊಡಿ ಅಂತ ಹೇಳಲು ಶುರು ಮಾಡಿದ ಮೇಲೆ ಸಣ್ಣ ಮಕ್ಕಳಲ್ಲಿ ಹೊಸ ನೆಲಗಡಲೆ ಅಲರ್ಜಿ ಶೇ. 40ಕ್ಕಿಂತ ಹೆಚ್ಚು ಇಳಿದಿದೆ ಅಂತ 2025ರ ಅಕ್ಟೋಬರಿನಲ್ಲಿ ಅಲ್ಲಿನ ಮಕ್ಕಳ ಡಾಕ್ಟರುಗಳ ಪತ್ರಿಕೆಯಲ್ಲಿ ಬಂತು. ನಿಮ್ಮ ಮೈದುನ ಹೇಳಿದ್ದು ಇದನ್ನೇ ಇರಬೇಕು.

ಮೊಟ್ಟೆಗೆ ಜಪಾನಿನದ್ದು ಉಂಟು, 2017. ಇಸುಬಿನ ಮಕ್ಕಳಿಗೆ ಚೆನ್ನಾಗಿ ಬೇಯಿಸಿದ ಮೊಟ್ಟೆಯ ಪುಡಿಯನ್ನು ಆರು ತಿಂಗಳಿಂದ ಚಿಟಿಕೆ ಚಿಟಿಕೆ ಕೊಟ್ಟರು, ಜೊತೆಗೆ ಇಸುಬಿಗೂ ಬಿಡದೆ ಮದ್ದು ಹಚ್ಚಿದರು. ವರ್ಷ ತುಂಬುವಾಗ ಮೊಟ್ಟೆ ತಿಂದ ಗುಂಪಿನಲ್ಲಿ ಶೇ. 8, ತಿನ್ನದ ಗುಂಪಿನಲ್ಲಿ ಶೇ. 38 ಮಕ್ಕಳಿಗೆ ಅಲರ್ಜಿ.

ಇಸುಬಿಗೂ ಮದ್ದು ಹಚ್ಚಿದರು ಅನ್ನುವುದನ್ನು ಇನ್ನೊಮ್ಮೆ ಓದಿ. ಲ್ಯಾಕ್ ಅವರ ವಾದ ಏನಂದರೆ, ಆಹಾರ ಹೊಟ್ಟೆಯ ದಾರಿಯಲ್ಲಿ ಬಂದರೆ ದೇಹ ಅದನ್ನು ಒಪ್ಪಿಕೊಳ್ಳಲು ಕಲಿಯುತ್ತದೆ, ಅದೇ ಆಹಾರ ಒಡೆದ ಚರ್ಮದ ದಾರಿಯಲ್ಲಿ ಮೊದಲು ಬಂದರೆ ಶತ್ರು ಅಂತ ತಿಳಿಯುತ್ತದೆ. ಪಿಜಿ ಅವರು ಹೇಳಿದ ಬ್ರೇಕ್ ಕಣಗಳು ಕರುಳಿನಲ್ಲಿ ತಯಾರಾಗುವುದಂತೆ, ತಿಂದರೆ ತಾನೇ ಅವಕ್ಕೆ ಪರಿಚಯ. ಚರ್ಮದ ದಾರಿಗೆ ಸಾಕ್ಷಿ ಬೇಕಾದರೆ ಜಪಾನಿನದ್ದೇ ಇನ್ನೊಂದು ಕಥೆ. ಗೋಧಿಯ ಅಂಶ ಹಾಕಿದ ಒಂದು ಮುಖದ ಸೋಪು ಬಳಸಿ ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಗೋಧಿ ತಿಂದರೆ ಅಲರ್ಜಿ ಶುರುವಾಯಿತು, ಅದಕ್ಕೆ ಮೊದಲು ಅವರೆಲ್ಲ ಆರಾಮಾಗಿ ಗೋಧಿ ತಿನ್ನುತ್ತಿದ್ದವರು. ಆದ್ದರಿಂದ ಮಗುವಿನ ತುರಿದು ಕೆಂಪಾದ ಚರ್ಮಕ್ಕೆ ಕಡಲೆ ಹಿಟ್ಟು ಉಜ್ಜಿ ಮೀಯಿಸುವುದು, ನೆಲಗಡಲೆ ಎಣ್ಣೆ, ಬಾದಾಮಿ ಎಣ್ಣೆ ತಿಕ್ಕುವುದು ಬೇಡ. ಮಿಂದ ಕೂಡಲೇ ಮೈ ಒದ್ದೆ ಇರುವಾಗ ಡಾಕ್ಟರು ಹೇಳಿದ ಮಾಯಿಶ್ಚರೈಸರ್ ದಪ್ಪಗೆ ಹಚ್ಚಿ. ಸ್ಟೀರಾಯ್ಡ್ ಕ್ರೀಮ್ ಬರೆದುಕೊಟ್ಟರೆ ಹೆಸರು ಕೇಳಿ ಹೆದರಿ ಮೂಲೆಗಿಡಬೇಡಿ, ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ. ಮಾಯಿಶ್ಚರೈಸರ್ ಒಂದರಿಂದಲೇ ಇಸುಬು ಬಾರದಂತೆ ತಡೆಯಬಹುದು ಅಂತ ಬ್ರಿಟನ್ನಿನಲ್ಲಿ ಪ್ರಯೋಗ ಮಾಡಿ ಸೋತಿದ್ದಾರೆ, 2020ರಲ್ಲಿ ಬಂತು. ಬಂದ ಇಸುಬನ್ನು ಹತೋಟಿಗೆ ತರಲು ಅದು ಬೇಕೇ ಬೇಕು. ಮಳೆಗಾಲದಲ್ಲಿ ಒಣಗದ ಬಟ್ಟೆ, ಬೇಸಿಗೆಯ ಬೆವರು, ನಮ್ಮ ಊರಲ್ಲಿ ಎರಡೂ ಇಸುಬಿಗೆ ಶತ್ರು, ಹತ್ತಿಯ ಸಡಿಲ ಬಟ್ಟೆ ಹಾಕಿ.

ಹೇಗೆ ಕೊಡುವುದು? ಇಸುಬು ರಾತ್ರಿ ನಿದ್ದೆ ಕೆಡಿಸುವಷ್ಟು ಇದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ನೆಲಗಡಲೆಗೆ ಮೊದಲು ಚರ್ಮದ ಪರೀಕ್ಷೆ ಬೇಕಾ ಅಂತ ಅವರು ಹೇಳ್ತಾರೆ, ಕೆಲವೊಮ್ಮೆ ಮೊದಲ ತುತ್ತನ್ನು ಆಸ್ಪತ್ರೆಯಲ್ಲೇ ಕೊಡಿಸ್ತಾರೆ. ಅವರು ಸರಿ ಅಂದ ಮೇಲೆ, ಮಗು ಆರೋಗ್ಯವಾಗಿರುವ ದಿನ, ಬೆಳಗ್ಗೆ, ಮನೆಯಲ್ಲಿ ಇಬ್ಬರು ಇರುವಾಗ. ಹುರಿದು ನುಣ್ಣಗೆ ಅರೆದ ನೆಲಗಡಲೆಯನ್ನು ನೀರಿನಂತೆ ತೆಳು ಮಾಡಿ ರಾಗಿ ಮಣ್ಣಿಗೆ ಕಲಸಿ. ಚಮಚದ ತುದಿಯಲ್ಲಿ ಒಂದು ಸಲ, ಹತ್ತು ನಿಮಿಷ ನೋಡಿ, ಉಳಿದದ್ದು ಆಮೇಲೆ. ಇಡೀ ಕಾಳು ಐದು ವರ್ಷದ ತನಕ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ತದೆ. ಮೊಟ್ಟೆ ಗಟ್ಟಿಯಾಗಿ ಬೇಯಿಸಿದ್ದು, ಅರೆಬೆಂದದ್ದು ಬೇಡ. ಒಂದು ಸಲ ಕೊಟ್ಟು ನಿಲ್ಲಿಸಿದರೆ ಪ್ರಯೋಜನ ಇಲ್ಲ. ಲೀಪ್‌ನಲ್ಲಿ ವಾರಕ್ಕೆ 6 ಗ್ರಾಂ ನೆಲಗಡಲೆ ಪ್ರೋಟೀನ್, ಮೂರು ಸಲವಾದರೂ ಹಂಚಿ ಕೊಟ್ಟಿದ್ದರು. ಚಟ್ನಿ, ಮಣ್ಣಿ ಯಾವುದರಲ್ಲಾದರೂ ಸರಿ, ಊಟದ ಒಂದು ಭಾಗ ಆಗಬೇಕು.

ಸುರತ್ಕಲ್ ಅಮ್ಮ

ಓದ್ತಾ ಓದ್ತಾ ಕಣ್ಣು ತುಂಬಿತು. ಅತ್ತೆಗೂ ಕೂತು ಓದಿ ಹೇಳಿದೆ. ಮಲ್ಪೆಯವರ ಸಿಗಡಿ ಮಾತು ಕೇಳಿ ಅವರೇ ಅಂದರು, ಹುಡುಗ ಮೊದಲು ತಿಂದಾಗ ಏನೂ ಆಗಿರಲಿಲ್ಲ ಅಲ್ವಾ ಅಂತ. ಅಡ್ರಿನಾಲಿನ್ ಮನೆಯಲ್ಲಿ ಇಲ್ಲ, ಈ ವಾರವೇ ಬರೆಸಿಕೊಳ್ತೇವೆ.

ಎರಡು ಸಂಶಯ ಉಳಿಯಿತು. ದೊಡ್ಡವನಿಗೆ ನಿಲ್ಲಿಸಿದ್ದನ್ನು ನಾಳೆಯಿಂದಲೇ ಮತ್ತೆ ಕೊಡಬಹುದಾ? ಮತ್ತೆ ಆ ಹೊಸ ಇಂಜೆಕ್ಷನ್, ಸ್ಪ್ರೇ ನಮಗೆ ಆಗ್ತದಾ?

ಮಕ್ಕಳ ವಿಭಾಗದ ಪಿಜಿ, ಮಂಗಳೂರು

ನಾಳೆಯಿಂದಲೇ ಬೇಡ ಅಕ್ಕಾ. ಹೆಚ್ಚಿನದ್ದು ಮತ್ತೆ ತಟ್ಟೆಗೆ ಬರಬಹುದು ಅಂತ ನನಗೂ ಅನಿಸ್ತದೆ, ಆದರೆ ತಿಂಗಳುಗಟ್ಟಲೆ ಬಿಡಿಸಿದ ಆಹಾರವನ್ನು, ಅದೂ ಪಾಸಿಟಿವ್ ಇರುವಾಗ, ಮನೆಯಲ್ಲಿ ಒಮ್ಮೆಗೇ ಶುರು ಮಾಡಬಾರದು. ತಿನ್ನುತ್ತಿದ್ದ ಮಗುವಿಗೆ ಪೂರ್ತಿ ಬಿಡಿಸಿದ ಮೇಲೆ ನಿಜವಾದ ಅಲರ್ಜಿ ಬಂದ ಉದಾಹರಣೆಗಳು ಇವೆ. ಅಲರ್ಜಿ ನೋಡುವ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಯಾವ ಆಹಾರ, ಎಷ್ಟು ತಿಂದ, ಎಷ್ಟು ಹೊತ್ತಿಗೆ ಏನಾಯಿತು, ಕೊನೆಯ ಸಲ ತಿಂದದ್ದು ಯಾವಾಗ, ಇಷ್ಟು ಬರೆದುಕೊಂಡು ಹೋಗಿ. ಬೇಕಾದ್ದನ್ನು ಅವರು ಆಸ್ಪತ್ರೆಯಲ್ಲಿ ಕೂರಿಸಿ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡ್ತಾರೆ. ಓರಲ್ ಫುಡ್ ಚಾಲೆಂಜ್ ಅಂತಾರೆ, ಅಲರ್ಜಿ ಉಂಟೋ ಇಲ್ಲವೋ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ. ಐಜಿಜಿ ಫುಡ್ ಟೆಸ್ಟ್ ಅಂತ ಇನ್ನೊಂದನ್ನು ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ, ಅದು ಆಹಾರ ತಿಂದಿದ್ದಾನೆ ಅಂತ ತೋರಿಸ್ತದೆ ಅಷ್ಟೇ.

ಇಂಜೆಕ್ಷನ್ ಹೆಸರು ಓಮಾಲಿಜುಮ್ಯಾಬ್. ಹೊಸ ಔಷಧ ಅಲ್ಲ, ಉಬ್ಬಸಕ್ಕೆ ಅಮೆರಿಕದಲ್ಲಿ 2003ರಿಂದ ಇದೆ. ಐಜಿಇಯನ್ನೇ ಹಿಡಿದು ಕಟ್ಟಿಹಾಕ್ತದೆ. 2024ರ ಫೆಬ್ರುವರಿಯಲ್ಲಿ ಒಂದು ವರ್ಷ ತುಂಬಿದವರ ಆಹಾರ ಅಲರ್ಜಿಗೂ ಅಲ್ಲಿ ಒಪ್ಪಿಗೆ ಸಿಕ್ಕಿತು. ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ. 67 ಮಂದಿ ಎರಡು ಮೂರು ನೆಲಗಡಲೆಯಷ್ಟನ್ನು ತಡೆದುಕೊಂಡರು, ಬರೀ ನೀರಿನ ಇಂಜೆಕ್ಷನ್ ಪಡೆದವರಲ್ಲಿ ಶೇ. 7. ಗೇರುಬೀಜಕ್ಕೂ ನೋಡಿದ್ದಾರೆ, ಅಲ್ಲೂ ಫಲ ಇತ್ತು, ಅಷ್ಟು ದೊಡ್ಡದಲ್ಲ. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ತಪ್ಪದೆ ಚುಚ್ಚಿಸಬೇಕು, ಬೆಲೆ ಬಹಳ ಜಾಸ್ತಿ. ಗೊತ್ತಿಲ್ಲದೆ ಒಂದು ಚೂರು ಬಾಯಿಗೆ ಹೋದರೆ ಉಳಿಸಲು ಇರುವ ಔಷಧ ಅದು. ಅಲರ್ಜಿ ಗುಣವಾಗುವುದಿಲ್ಲ, ಗೇರುಬೀಜ ಬಿಟ್ಟೇ ಇರಬೇಕು. ಗೇರುಬೀಜ, ಪಿಸ್ತಾ ಎರಡೇ ಆದರೆ ನಿಮಗೆ ಅದು ಬೇಕಾಗದು ಅಂತ ನನಗೆ ಅನಿಸ್ತದೆ, ನಿಮ್ಮ ಡಾಕ್ಟರ ಮಾತೇ ಕೊನೆ. ಸ್ಪ್ರೇ ಅಂದರೆ ಅಡ್ರಿನಾಲಿನ್ನೇ, ಮೂಗಿನ ದಾರಿಯಲ್ಲಿ. 30 ಕಿಲೋ ಮೇಲಿನವರಿಗೆ 2024ರಲ್ಲಿ, ನಾಲ್ಕು ವರ್ಷ ತುಂಬಿದ 15ರಿಂದ 30 ಕಿಲೋ ಮಕ್ಕಳಿಗೆ 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಕೊಟ್ಟರು. ಸೂಜಿಗೆ ಹೆದರಿ ತಡ ಮಾಡುವ ತಂದೆತಾಯಿಗೆ ಅದು ದೊಡ್ಡ ಸಹಾಯ, ನಮ್ಮ ಮೆಡಿಕಲ್‌ಗಳಿಗೂ ಬೇಗ ಬರಲಿ ಅಂತ ನನ್ನ ಆಸೆ. ಅಲ್ಲಿಯ ತನಕ ಆಂಪ್ಯೂಲು, ಸಿರಿಂಜು.

ಮಣಿಪಾಲದ ನರ್ಸಕ್ಕ

ಆಂಪ್ಯೂಲನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ, ನಮ್ಮ ಬಿಸಿಲಿಗೆ ಹಾಳಾಗ್ತದೆ. ಫ್ರೀಜರ್ ಕೂಡ ಬೇಡ. ಬೆಳಕು ಬೀಳದ ಡಬ್ಬಿಯಲ್ಲಿ, ಮನೆಯ ತಂಪು ಜಾಗದಲ್ಲಿ. ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಾಡಿ ಹೊಸದು ತನ್ನಿ, ಎಕ್ಸ್‌ಪೈರಿ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ಸೆಟ್ ಯಾವಾಗಲೂ ಮಗನ ಜೊತೆಗೇ ಹೋಗಬೇಕು. ಅತ್ತೆಗೂ ಚುಚ್ಚಲು ಕಲಿಸಿ, ಹಗಲು ಮಕ್ಕಳ ಜೊತೆ ಇರುವುದು ಅವರೇ ತಾನೆ.

ಶಾಲೆಯ ಟೀಚರಿಗೆ ಮಗನ ಫೋಟೋ ಅಂಟಿಸಿದ ಒಂದು ಹಾಳೆ ಕೊಡಿ, ಏನು ತಿನ್ನಬಾರದು, ಏನಾದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ. ಡಾಕ್ಟರ ಸಹಿ ಇದ್ದರೆ ಅವರಿಗೂ ಧೈರ್ಯ. ಪ್ಯಾಕೆಟ್ ತಿಂಡಿಯಲ್ಲಿ ಅಲರ್ಜಿಯ ಸಾಲು ಬರೆದಿರಬೇಕು ಅಂತ ಎಫ್‌ಎಸ್‌ಎಸ್‌ಎಐ ನಿಯಮ ಉಂಟು, ಓದಿ. ಬೇಕರಿಯ ಬಿಡಿ ಬರ್ಫಿ, ಮದುವೆ ಮನೆಯ ಪಾಯಸ, ಗಡ್‌ಬಡ್ ಐಸ್‌ಕ್ರೀಮ್, ಹೋಟೆಲಿನ ಬಿಳಿ ಗ್ರೇವಿ, ಇವಕ್ಕೆ ಲೇಬಲ್ ಇಲ್ಲ. ಗ್ರೇವಿಯಲ್ಲಿ ಗೇರುಬೀಜ ಅರೆದಿದ್ದರೆ ಕಣ್ಣಿಗೂ ಕಾಣುವುದಿಲ್ಲ, ಅಡುಗೆಯವರನ್ನೇ ಕೇಳಬೇಕು. ಬಡಿಸುವವರು ಮೇಲಿನ ಬೀಜ ತೆಗೆದು ಕೊಡ್ತೇನೆ ಅಂದರೆ ಒಪ್ಪಬೇಡಿ.

ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಇಲ್ಲೇ ಬರೆಯಿರಿ ತಂಗೀ.